ಆಡಿಟರ್ ಕಚೇರಿಯ ಕೆಲಸ ದೂರದಿಂದಲೇ ನಡೆಯುವಾಗ, ಎದುರು ಕೂತು ಮಾಡಲೇಬೇಕಾದದ್ದು ಯಾವುದು?

ಪ್ರಶ್ನೆ — ದಾವಣಗೆರೆಯ ಲೆಕ್ಕಪರಿಶೋಧಕ

ಎಲ್ಲರಿಗೂ ನಮಸ್ಕಾರ. ನಾನು 2009ರಿಂದ ದಾವಣಗೆರೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಿ ಸ್ವಂತ ಕಚೇರಿ ನಡೆಸುತ್ತಿದ್ದೇನೆ. ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು, ಬಟ್ಟೆ ಅಂಗಡಿಗಳು, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಸ್ಥರು ನಮ್ಮ ಕಕ್ಷಿದಾರರು. ಕಚೇರಿಯ ಬಾಡಿಗೆ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಅದನ್ನು ನವೀಕರಿಸಬೇಕೇ, ಇಲ್ಲವೇ ಒಂದೇ ಕೋಣೆಗೆ ಇಳಿದು ಉಳಿದ ಕೆಲಸವನ್ನೆಲ್ಲ ದೂರದಿಂದಲೇ ಮಾಡಬೇಕೇ ಎಂದು ಯೋಚಿಸಲು ಕುಳಿತಾಗ, ಬಾಡಿಗೆಗಿಂತ ದೊಡ್ಡದಾದ ಕೆಲವು ಪ್ರಶ್ನೆಗಳು ಎದುರಾದವು. ಅವುಗಳನ್ನು ಇಲ್ಲಿ ಇಡುತ್ತಿದ್ದೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಜುಲೈ ಬಂತೆಂದರೆ ನಮ್ಮ ಹೊರಕೋಣೆಯ ಬೆಂಚು ಖಾಲಿ ಇರುತ್ತಿರಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಿರ್ದಿ, ಖತಾವಣಿ, ಬಿಲ್ ಪುಸ್ತಕಗಳ ಗಂಟನ್ನು ಗುಮಾಸ್ತನಿಂದ ಹೊರಿಸಿಕೊಂಡು ಯಜಮಾನರೇ ಬರುತ್ತಿದ್ದರು. ಗಂಟು ಬಿಚ್ಚುವ ಮುಂಚೆ ಮಳೆ ಹೇಗಾಯಿತು, ಭದ್ರಾ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಭತ್ತದ ಧಾರಣೆ ಎಷ್ಟು, ಯಾರ ಮನೆಯಲ್ಲಿ ಪಾಲಾಯಿತು ಎಂಬ ಮಾತು ಅರ್ಧ ಗಂಟೆ ನಡೆಯುತ್ತಿತ್ತು. ಆಗ ಅದು ಹೊತ್ತು ಕಳೆಯುವ ಮಾತು ಎಂದುಕೊಂಡಿದ್ದೆ. ಆದರೆ ಪಾಲಾದ ಮನೆಯ ಪಾಲುದಾರಿಕೆ ಪತ್ರವನ್ನು ತಿದ್ದಬೇಕಾಗಿದೆ ಎಂಬುದಾಗಲಿ, ಮಗಳ ಮದುವೆಗೆ ಗಿರಣಿಯ ಖಾತೆಯಿಂದಲೇ ಹಣ ತೆಗೆದಿದ್ದಾರೆ ಎಂಬುದಾಗಲಿ ನನಗೆ ಗೊತ್ತಾಗುತ್ತಿದ್ದುದು ಆ ಅರ್ಧ ಗಂಟೆಯಲ್ಲಿಯೇ.

ಈಗ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ದತ್ತಾಂಶ ಕ್ಲೌಡಿನಲ್ಲಿದೆ. ಖರೀದಿಯ ಬಿಲ್ಲುಗಳು ವಾಟ್ಸ್‌ಆ್ಯಪ್‌ನಲ್ಲಿ ಫೋಟೋಗಳಾಗಿ ಬರುತ್ತವೆ. ಬ್ಯಾಂಕಿನ ವಿವರ ಇಮೇಲಿನಲ್ಲಿ ಬರುತ್ತದೆ, ಜಿಎಸ್‌ಟಿಯ ಮಾಹಿತಿಯನ್ನು ನಾವೇ ಪೋರ್ಟಲ್‌ನಿಂದ ಇಳಿಸಿಕೊಳ್ಳುತ್ತೇವೆ. ಕಕ್ಷಿದಾರರಲ್ಲಿ ಅರ್ಧದಷ್ಟು ಜನ ವರ್ಷದಲ್ಲಿ ಒಮ್ಮೆಯೂ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಅವರೊಡನೆ ನಮ್ಮ ಹುಡುಗರು ಆಡುವ ಮಾತು ಬಹುಮಟ್ಟಿಗೆ ಒಂದೇ ವಾಕ್ಯಕ್ಕೆ ಇಳಿದಿದೆ: "ಸರ್, ಒಂದು ಓಟಿಪಿ ಬಂದಿರಬೇಕು, ಹೇಳಿ." ಕೆಲಸ ಮೊದಲಿಗಿಂತ ಬೇಗ ಮುಗಿಯುತ್ತದೆ, ತಪ್ಪುಗಳೂ ಕಡಿಮೆಯಾಗಿವೆ. ಹಾಗಿದ್ದರೂ, ಸಹಿ ಹಾಕುವಾಗ ಮೊದಲು ಇದ್ದ ಧೈರ್ಯ ಈಗ ಇಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನನ್ನ ಪ್ರಶ್ನೆಗಳು ಮೂರು. ನಮ್ಮ ಕೆಲಸದಲ್ಲಿ ಯಾವುದನ್ನು ನಿಶ್ಚಿಂತೆಯಿಂದ ದೂರದಿಂದ ಮಾಡಬಹುದು, ಯಾವುದಕ್ಕೆ ಹೋಗಲೇಬೇಕು ಎಂಬುದನ್ನು ನೀವು ಹೇಗೆ ನಿರ್ಧರಿಸುತ್ತೀರಿ? ಚಾರ್ಟರ್ಡ್ ಅಕೌಂಟೆಂಟ್ ಓದಿನ ಭಾಗವಾಗಿ ನಮ್ಮಲ್ಲಿ ತರಬೇತಿ ಪಡೆಯುತ್ತಿರುವ ಇಬ್ಬರು ಆರ್ಟಿಕಲ್ ವಿದ್ಯಾರ್ಥಿಗಳಲ್ಲಿ ಒಬ್ಬಾಕೆ ಚನ್ನಗಿರಿಯ ತನ್ನ ಮನೆಯಿಂದಲೇ ಕೆಲಸ ಮಾಡುವುದಾಗಿ ಕೇಳುತ್ತಿದ್ದಾಳೆ. ದಿನವೂ ಬಸ್ಸಿನಲ್ಲಿ ಓಡಾಡುವ ಆಕೆಯ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಹಾಗೆ ಮಾಡಿದರೆ ಆಕೆ ಕಲಿಯುವಳೇ? ಮತ್ತು "ನೀವು ಈಗ ಬರುವುದೇ ಇಲ್ಲವಲ್ಲ, ಫೀಸು ಸ್ವಲ್ಪ ಇಳಿಸಿ" ಎನ್ನುವ ಕಕ್ಷಿದಾರನಿಗೆ ಏನು ಉತ್ತರ ಕೊಡಬೇಕು?

ಉತ್ತರ 1 — ಹುಬ್ಬಳ್ಳಿಯಿಂದ, ವೃತ್ತಿಯಲ್ಲಿ 31 ವರ್ಷ

ನಿಮ್ಮ ಮೊದಲ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಸರಳವಾದದ್ದು, ಆದರೆ ಅದನ್ನು ಕಂಡುಕೊಳ್ಳಲು ನನಗೆ ಒಂದು ತಪ್ಪು ಬೇಕಾಯಿತು.

2020ರ ಜೂನ್‌ನಲ್ಲಿ ಒಂದು ಅಕ್ಕಿ ಗಿರಣಿಯ ದಾಸ್ತಾನನ್ನು ನಾನು ವಿಡಿಯೋ ಕರೆಯ ಮೂಲಕ ಪರಿಶೀಲಿಸಿದೆ. ಆಗಿನ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲ. ಗಿರಣಿಯ ಮ್ಯಾನೇಜರು ಫೋನನ್ನು ಕೈಯಲ್ಲಿ ಹಿಡಿದು ಗೋದಾಮಿನ ತುಂಬ ನಡೆದಾಡಿ ತೋರಿಸಿದರು. ದೊಡ್ಡದೊಂದು ಒಟ್ಟಿನಲ್ಲಿ ಅಗಲಕ್ಕೆ 20 ಚೀಲ, ಎತ್ತರಕ್ಕೆ 12, ಆಳಕ್ಕೆ 8 ಎಂದು ಎಣಿಸಿ 1,920 ಎಂದು ಬರೆದುಕೊಂಡೆ. ಮರುವರ್ಷ ಫೆಬ್ರುವರಿಯಲ್ಲಿ ಅದೇ ಗೋದಾಮಿಗೆ ಖುದ್ದಾಗಿ ಹೋದಾಗ ಒಟ್ಟು ಅದೇ ಅಳತೆಯಲ್ಲಿ ಅದೇ ಜಾಗದಲ್ಲಿತ್ತು. ಹಮಾಲರೊಬ್ಬರು ಏಣಿ ಹಿಡಿದರು, ಮೇಲೆ ಹತ್ತಿದೆ. ನಟ್ಟನಡುವೆ ಬಾವಿಯ ಹಾಗೆ ಖಾಲಿ ಜಾಗ: ಅಗಲಕ್ಕೆ ಆರು ಚೀಲ, ಆಳಕ್ಕೆ ನಾಲ್ಕು, ತಳದವರೆಗೂ. 288 ಚೀಲ ಕಡಿಮೆ. ಮಾಲೀಕರನ್ನು ಕೇಳಿದರೆ ಅವರು ಕಿಂಚಿತ್ತೂ ಅಳುಕದೆ, "ಗಾಳಿ ಆಡಲಿ ಅಂತ ನಾವು ಯಾವಾಗಲೂ ನಡುವೆ ಬಿಡ್ತೀವಿ ಸರ್, ಇಲ್ಲದಿದ್ದರೆ ಕಾವು ಹಿಡೀತದೆ" ಎಂದರು. ಅವರು ಮೋಸ ಮಾಡಿರಲಿಲ್ಲ. ಹಿಂದಿನ ವರ್ಷ ನಾನು ಕೇಳಿರಲಿಲ್ಲ, ಫೋನಿನ ಕ್ಯಾಮೆರಾ ಹತ್ತಿ ನೋಡಿರಲಿಲ್ಲ. ಆ ಲೆಕ್ಕದ ಮೇಲೆಯೇ ಬ್ಯಾಂಕು ಕ್ಯಾಶ್ ಕ್ರೆಡಿಟ್ ಸಾಲದ ಮಿತಿಯನ್ನು ನೋಡುತ್ತದೆ ಎಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ದಾಸ್ತಾನು ಗಣನೀಯವಾಗಿದ್ದರೆ, ಅಸಾಧ್ಯವಲ್ಲದ ಹೊರತು, ಎಣಿಕೆಯ ವೇಳೆ ಪರಿಶೋಧಕ ಖುದ್ದಾಗಿ ಹಾಜರಿರಬೇಕೆಂದು ನಮ್ಮ ಪರಿಶೋಧನಾ ಮಾನದಂಡ 501 ಹೇಳುತ್ತದೆ. ಓದಿ ಪಾಸಾದವರೆಲ್ಲರಿಗೂ ಈ ಮಾತು ಗೊತ್ತು. ಆದರೆ ಏಕೆ ಹಾಗೆ ಹೇಳಿದ್ದಾರೆ ಎಂಬುದು ನನಗೆ ಆ ಏಣಿಯ ಮೇಲೆ ತಿಳಿಯಿತು.

ಅಂದಿನಿಂದ ನಾನು ಪ್ರತಿಯೊಂದು ದಾಖಲೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕಾಗದ ಎಲ್ಲಿ ಹುಟ್ಟಿತು? ಬ್ಯಾಂಕಿನ ವಿವರ, ಇ-ಇನ್‌ವಾಯ್ಸ್, ಇ-ವೇ ಬಿಲ್, ಟಿಡಿಎಸ್ ಮಾಹಿತಿ ಇವು ಹುಟ್ಟುವುದೇ ಗಣಕದಲ್ಲಿ, ಅದೂ ಬೇರೊಬ್ಬರ ಗಣಕದಲ್ಲಿ. ಅವನ್ನು ನೋಡಲು ನಾನು ಕಕ್ಷಿದಾರನ ಅಂಗಡಿಯಲ್ಲಿ ಕುಳಿತರೂ ಒಂದೇ, ಹುಬ್ಬಳ್ಳಿಯಲ್ಲಿ ಕುಳಿತರೂ ಒಂದೇ. ತೂಕದ ಚೀಟಿ, ಹಮಾಲಿ ಕೂಲಿಯ ಪಟ್ಟಿ, ನಗದು ವೋಚರ್, ದಾಸ್ತಾನಿನ ಪುಸ್ತಕ ಇವು ಹಾಗಲ್ಲ. ಎಲ್ಲೋ ಏನೋ ನಡೆದದ್ದನ್ನು ನೋಡಿ ಮನುಷ್ಯನೊಬ್ಬ ಕೈಯಾರೆ ಬರೆದದ್ದು. ಅದನ್ನು ಸ್ಕ್ಯಾನ್ ಮಾಡಿ ಕಳಿಸಿದ ಮಾತ್ರಕ್ಕೆ ಅದು ಗಣಕದಲ್ಲಿ ಹುಟ್ಟಿದ ದಾಖಲೆಯಾಗುವುದಿಲ್ಲ. ಇಂಥವು ಎಲ್ಲಿ ಹೆಚ್ಚಿವೆಯೋ ಅಲ್ಲಿಗೆ ನಾನು ಹೋಗುತ್ತೇನೆ. ನಿಮ್ಮ ಮಂಡಕ್ಕಿ ಭಟ್ಟಿಗಳಿಗೂ ಅಡಿಕೆ ವ್ಯಾಪಾರಸ್ಥರಲ್ಲಿಗೂ ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಬಟ್ಟೆ ಅಂಗಡಿಯ ತಿಂಗಳ ಜಿಎಸ್‌ಟಿ ಕೆಲಸಕ್ಕೆ ಹೋಗಬೇಕಾಗಿಲ್ಲ. ಕಂಪನಿಗಳ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡನ್ನು ಅಳಿಸಲಾಗದಂತೆ ಉಳಿಸುವ ತಂತ್ರಾಂಶವನ್ನೇ ಅವು 2023ರ ಏಪ್ರಿಲ್ 1ರಿಂದ ಬಳಸಬೇಕು. ಪಾಲುದಾರಿಕೆಯ ಗಿರಣಿಗಳಿಗೆ ಕಂಪನಿ ಕಾನೂನಿನ ಈ ನಿಯಮ ಅನ್ವಯಿಸದು. ಆದ್ದರಿಂದ ಕ್ಲೌಡಿನಲ್ಲಿರುವ ಟ್ಯಾಲಿಯನ್ನು ನೋಡಿ ಎಲ್ಲವೂ ಭದ್ರ ಎಂದುಕೊಳ್ಳಬೇಡಿ.

ಇನ್ನು ಆದಾಯ ತೆರಿಗೆ ಇಲಾಖೆಯ ಜೊತೆಗಿನ ವ್ಯವಹಾರ. ಇಲ್ಲಿ ದೂರವನ್ನು ಆರಿಸಿಕೊಂಡವರು ನಾವಲ್ಲ. 2019ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಇ-ಅಸೆಸ್‌ಮೆಂಟ್ ಕೇಂದ್ರ ಆರಂಭವಾಯಿತು, 2020ರ ಆಗಸ್ಟ್ 13ರಂದು ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದರೆ ಅಧಿಕಾರಿಯನ್ನು ಮುಖತಃ ಕಾಣದೆ ನಡೆಯುವ ತೆರಿಗೆ ನಿರ್ಧಾರ, ವ್ಯಾಪಕವಾಗಿ ಜಾರಿಗೆ ಬಂತು, ಅದೇ ಸೆಪ್ಟೆಂಬರ್ 25ರಿಂದ ಮೇಲ್ಮನವಿಯೂ ಹಾಗೆಯೇ ಆಯಿತು. ಮೊದಲು ನಮ್ಮೂರಿನ ಆದಾಯ ತೆರಿಗೆ ಅಧಿಕಾರಿಯ ಮುಂದೆ ಕುಳಿತು ಹೇಳುತ್ತಿದ್ದೆವು. ಅಡಿಕೆ ವ್ಯಾಪಾರಿ ಬೆಳೆಗಾರನಿಗೆ ಹಣವನ್ನು ನಗದಾಗಿಯೇ ಏಕೆ ಕೊಡುತ್ತಾನೆ, ಹಮಾಲರ ಕೂಲಿಯ ಪಟ್ಟಿಯಲ್ಲಿ ಸಹಿಗಳ ಬದಲು ಹೆಬ್ಬೆಟ್ಟುಗಳು ಏಕಿವೆ ಎಂಬುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ಅವರೂ ಆ ಊರಿನ ಸಂತೆಗೆ ಹೋಗುವವರೇ. ಈಗ ನಮ್ಮ ಉತ್ತರವನ್ನು ಓದುವ ಅಧಿಕಾರಿ ಯಾವ ರಾಜ್ಯದವರೆಂದು ನಮಗೆ ಗೊತ್ತಿಲ್ಲ, ಅವರಿಗೆ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿಯೂ ಗೊತ್ತಿಲ್ಲ, ಭಟ್ಟಿಯೂ ಗೊತ್ತಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಒಪ್ಪದಿರುವ ನಿಯಮದಿಂದ, ಬೆಳೆಗಾರನಿಗೆ ಅವನ ಬೆಳೆಗಾಗಿ ಕೊಟ್ಟ ಹಣಕ್ಕೆ ವಿನಾಯಿತಿ ಇದೆ. ಆದರೆ ಹಣ ಪಡೆದವನು ಬೆಳೆಗಾರನೇ ಎಂಬುದನ್ನು ಈಗ ಪಹಣಿ, ತೂಕದ ಚೀಟಿ, ಬೆಳೆಗಾರನ ಹೇಳಿಕೆ ಎಲ್ಲವನ್ನೂ ಜೋಡಿಸಿ ಬರವಣಿಗೆಯಲ್ಲಿ ಸ್ಥಾಪಿಸಬೇಕು. ಊರಿಗೆಲ್ಲ ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ಕಾಗದದ ಮೇಲೆ ತಿಳಿಸುವುದು ಒಂದು ಹೊಸ ಕೆಲಸ. ಮೊದಲು ಅದು ತಾನಾಗಿ ಆಗಿಹೋಗುತ್ತಿತ್ತು, ಈಗ ಅದಕ್ಕೆ ಎರಡು ದಿನ ಬೇಕು.

ಫೀಸಿನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ನಾನು ಈಗ ಕಕ್ಷಿದಾರನಿಗೆ ಕೊಡುವ ಒಪ್ಪಂದ ಪತ್ರದಲ್ಲಿ ಗಿರಣಿಗೆ ಭೇಟಿ ಎಷ್ಟು ದಿನ, ನೋಟಿಸಿಗೆ ಉತ್ತರ ಬರೆಯುವುದಕ್ಕೆ ಎಷ್ಟು, ತಿಂಗಳ ರಿಟರ್ನ್ಸಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯುತ್ತೇನೆ. ತಿಂಗಳ ಕೆಲಸದ ಫೀಸನ್ನು ಸ್ವಲ್ಪ ಇಳಿಸಿದ್ದೇನೆ, ಏಕೆಂದರೆ ಅದು ನಿಜವಾಗಿಯೂ ಹಗುರವಾಗಿದೆ. ಭೇಟಿಯ ಫೀಸನ್ನು ಇಳಿಸಿಲ್ಲ. ಒಂದೇ ಮೊತ್ತವಾಗಿ ಹೇಳಿದಾಗ ಚೌಕಾಸಿ ಮಾಡುತ್ತಿದ್ದವರು, ಬಿಡಿಸಿ ಬರೆದ ಮೇಲೆ ಹೆಚ್ಚಿನವರು ಒಪ್ಪಿಕೊಂಡರು.

ಉತ್ತರ 2 — ಮೈಸೂರಿನಿಂದ, ವಿದೇಶಿ ತೆರಿಗೆ ವಿಭಾಗದಲ್ಲಿ ಕೆಲಸ

ಸರ್, ನಿಮ್ಮ ಆರ್ಟಿಕಲ್ ವಿದ್ಯಾರ್ಥಿನಿಯ ಬಗ್ಗೆ ಬರೆಯಬೇಕೆನಿಸಿತು, ಏಕೆಂದರೆ ಅವರ ಜಾಗದಲ್ಲಿ ನಾನು ಇದ್ದೆ.

ನಾನು 2019ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿದೆ. ಏಳು ತಿಂಗಳು ಕಳೆಯುವಷ್ಟರಲ್ಲಿ ಲಾಕ್‌ಡೌನ್ ಬಂತು, ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಿಂದ ವರ್ಷದ ಮೇಲೆ ಕೆಲಸ ಮಾಡಿದೆ. ಕೊಟ್ಟ ಕೆಲಸವನ್ನೆಲ್ಲ ಮುಗಿಸಿದೆ, ಯಾರೂ ಆಕ್ಷೇಪ ಹೇಳಲಿಲ್ಲ. ಪಿಡಿಎಫ್‌ನಲ್ಲಿ ಬಂದ ಬಿಲ್ಲನ್ನು ಟ್ಯಾಲಿಯ ನಮೂದಿಗೆ ಹೋಲಿಸಿ ಸರಿ ಎಂದು ಗುರುತು ಹಾಕುವುದನ್ನು ಚೆನ್ನಾಗಿ ಕಲಿತೆ. ಆದರೆ ಅದಷ್ಟನ್ನೇ ಕಲಿತೆ ಎಂಬುದು ಕಚೇರಿಗೆ ಮರಳಿದ ಮೇಲೆ ಅರಿವಾಯಿತು. ಅಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಸಾಗಣೆ ಸಂಸ್ಥೆಯ ಹನ್ನೊಂದು ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, "ಇವುಗಳಲ್ಲಿ ಏನು ಕಾಣುತ್ತದೆ ನೋಡಮ್ಮ" ಎಂದರು. ಮೂರು ತಿಂಗಳ ಅವಧಿಯಲ್ಲಿ ಬಂದ ಆ ಬಿಲ್ಲುಗಳ ಕ್ರಮಸಂಖ್ಯೆಗಳು ಒಂದರ ಹಿಂದೆ ಒಂದು ಬಿಡದೆ ಇದ್ದವು. ಆ ಲಾರಿಯವನಿಗೆ ಮೂರು ತಿಂಗಳು ಇನ್ನೊಬ್ಬ ಗಿರಾಕಿಯೇ ಇರಲಿಲ್ಲವೇ? ಮನೆಯಲ್ಲಿ ಅಂಥ ನೂರಾರು ಬಿಲ್ಲುಗಳನ್ನು ಒಂದೊಂದಾಗಿ ತೆರೆದು, ನೋಡಿ, ಮುಚ್ಚಿದ್ದೆ. ಪಕ್ಕಪಕ್ಕದಲ್ಲಿ ಇಟ್ಟು ನೋಡು ಎಂದು ಯಾರೂ ಹೇಳಿರಲಿಲ್ಲ. ಹೇಳಲು ಯಾರೂ ನನ್ನ ಹತ್ತಿರ ಇರಲಿಲ್ಲ.

ಇನ್ನೊಂದು ದಿನದ ಮಾತು. ನಮಗೆ ತರಬೇತಿ ಕೊಡುತ್ತಿದ್ದ ಲೆಕ್ಕಪರಿಶೋಧಕರು, ಅಂದರೆ ನಮ್ಮ ಪ್ರಿನ್ಸಿಪಾಲರು, ಫೋನಿನಲ್ಲಿ ತುಂಬ ಹಳೆಯ ಕಕ್ಷಿದಾರರೊಬ್ಬರಿಗೆ "ಇಲ್ಲ ಸ್ವಾಮಿ, ಇದಕ್ಕೆ ನಾನು ಸಹಿ ಹಾಕಲಾರೆ" ಎಂದು ಹೇಳಿ, ಫೋನನ್ನು ಕೆಳಗಿಟ್ಟು, ಒಂದೆರಡು ನಿಮಿಷ ಏನೂ ಮಾಡದೆ ಕುಳಿತಿದ್ದರು. ನಾನು ಪಕ್ಕದ ಮೇಜಿನಲ್ಲಿದ್ದೆ. ಮೂರು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ, ಅದು ಯಾವ ವಿಡಿಯೋ ಕರೆಯಲ್ಲೂ ನನಗೆ ಸಿಗುತ್ತಿರಲಿಲ್ಲ. ಈಗ ಆರ್ಟಿಕಲ್‌ಶಿಪ್ ಎರಡೇ ವರ್ಷಕ್ಕೆ ಇಳಿದಿದೆ. ಕಲಿಯುವ ಕಾಲವೇ ಕಡಿಮೆಯಾಗಿರುವಾಗ ಅದರಲ್ಲಿ ಹೆಚ್ಚಿನ ಭಾಗವನ್ನು ಒಂಟಿಯಾಗಿ ಕಳೆಯುವುದು ಬೇಡ ಎನ್ನುವುದು ನನ್ನ ಮನವಿ. ವಾರದಲ್ಲಿ ಎರಡು ದಿನ ಮನೆಯಿಂದ ಮಾಡಲಿ, ಉಳಿದ ದಿನ ನಿಮ್ಮ ಮಾತು ಕಿವಿಗೆ ಬೀಳುವಷ್ಟು ಹತ್ತಿರ ಕೂರಿಸಿಕೊಳ್ಳಿ.

ಈಗ ನನ್ನ ಕೆಲಸ ಪೂರ್ತಿ ದೂರದ್ದೇ. ಅಮೆರಿಕದ ಲೆಕ್ಕಪರಿಶೋಧಕರಿಗಾಗಿ ಅಲ್ಲಿಯವರ ಆದಾಯ ತೆರಿಗೆ ರಿಟರ್ನ್ಸ್‌ಗಳನ್ನು ಮೈಸೂರಿನಲ್ಲಿ ಕುಳಿತು ಸಿದ್ಧಪಡಿಸುತ್ತೇವೆ. ಪರಿಶೀಲಿಸಿ ಸಹಿ ಮಾಡುವವರು ಅವರು. ತೆರಿಗೆದಾರನ ಮಾಹಿತಿಯನ್ನು ದೇಶದ ಹೊರಗೆ ಕಳಿಸಲು ಅಲ್ಲಿಯ ಕಾನೂನಿನ ಪ್ರಕಾರ ಆತನ ಲಿಖಿತ ಒಪ್ಪಿಗೆ ಬೇಕು, ಆತನ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನು ಮರೆಮಾಡಿಯೇ ನಮಗೆ ಕಳಿಸುತ್ತಾರೆ. ಆಧಾರ್ ಪ್ರತಿಯನ್ನೂ ಬ್ಯಾಂಕಿನ ವಿವರವನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳುವ ನಾವು ಇದರಿಂದ ಕಲಿಯುವುದು ಬಹಳ ಇದೆ. 2023ರಲ್ಲಿ ನಮ್ಮಲ್ಲೂ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ.

ಹುಬ್ಬಳ್ಳಿಯ ಸರ್ ಬರವಣಿಗೆಯ ವಿಷಯ ಹೇಳಿದ್ದಾರೆ. ನಮ್ಮಲ್ಲಿ ಕೆಲಸ ಉಳಿಯುವುದೂ ಕೆಡುವುದೂ ಅದರಿಂದಲೇ. ನಾವು ಪ್ರಶ್ನೆ ಕಳಿಸುವ ಹೊತ್ತಿಗೆ ಅಲ್ಲಿ ನಡುರಾತ್ರಿ. "ಗೃಹಸಾಲದ ಬಡ್ಡಿಯನ್ನು ಸ್ಪಷ್ಟಪಡಿಸಿ" ಎಂದು ಒಂದು ಸಾಲು ಬರೆದರೆ, "ಏನನ್ನು ಸ್ಪಷ್ಟಪಡಿಸಬೇಕು?" ಎಂಬ ಉತ್ತರ ಮರುದಿನ ಬರುತ್ತದೆ, ಏಪ್ರಿಲ್ 15ರ ಗಡುವಿಗೆ ಒಂದು ದಿನ ಕಡಿಮೆಯಾಯಿತು. ಅದರ ಬದಲು, "ಈ ವರ್ಷದ 1098 ನಮೂನೆಯಲ್ಲಿ ಬಡ್ಡಿ ಕಳೆದ ವರ್ಷದ ಅರ್ಧದಷ್ಟೇ ಇದೆ, ವರ್ಷದ ನಡುವೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದ್ದರೆ ಎರಡನೆಯ ಬ್ಯಾಂಕಿನ 1098 ಮತ್ತು ಸಾಲ ಮುಗಿಸಿದ ಪತ್ರ ಬೇಕು, ವರ್ಗಾಯಿಸಿಲ್ಲವಾದರೆ ಈ ಮೊತ್ತವನ್ನೇ ತೆಗೆದುಕೊಳ್ಳುತ್ತೇವೆ" ಎಂದು ಬರೆದರೆ ಒಂದೇ ರಾತ್ರಿಯಲ್ಲಿ ವಿಷಯ ಮುಗಿಯುತ್ತದೆ. ನಿಮ್ಮ ವಿದ್ಯಾರ್ಥಿನಿ ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಅವರಿಗೆ ಇದನ್ನು ಕಲಿಸಿ. ಈ ಕಲೆಗೆ ಮಾತ್ರ ದೂರವೇ ಒಳ್ಳೆಯ ಗುರು.

ಉತ್ತರ 3 — ಹರಿಹರ ತಾಲ್ಲೂಕಿನ ಗಿರಣಿ ಪಾಲುದಾರ

ನಾನು ಲೆಕ್ಕಪರಿಶೋಧಕನಲ್ಲ, ಫೀಸು ಕೊಡುವವನು. ಆ ಕಡೆಯ ಮಾತನ್ನೂ ಹೇಳಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆಯ ಆದಾಯ ತೆರಿಗೆ ಖಾತೆಯಲ್ಲಿ ನೋಂದಣಿಯಾಗಿದ್ದ ಇಮೇಲೂ ಮೊಬೈಲ್ ಸಂಖ್ಯೆಯೂ, ನಮ್ಮಲ್ಲಿ ಹಿಂದೆ ಲೆಕ್ಕ ಬರೆಯುತ್ತಿದ್ದ ಹುಡುಗನದು. ಆತ ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ರಿಟರ್ನ್ಸ್ ಪರಿಶೀಲನೆಗೆ ಆಯ್ಕೆಯಾದ ನೋಟಿಸು ಆ ಇಮೇಲಿಗೆ ಹೋಯಿತು, ಎಸ್‌ಎಂಎಸ್ ಆ ಮೊಬೈಲಿಗೆ ಹೋಯಿತು. ಮುಂದಿನ ನೋಟಿಸುಗಳೂ ಹಾಗೆಯೇ. ನಮ್ಮ ಆಗಿನ ಆಡಿಟರು ಪೋರ್ಟಲ್ ತೆರೆಯುತ್ತಿದ್ದುದು ರಿಟರ್ನ್ಸ್ ಸಲ್ಲಿಸುವಾಗ ಮಾತ್ರ. ಉತ್ತರವೇ ಬರಲಿಲ್ಲವೆಂದು ಇಲಾಖೆ 144ನೇ ಕಲಮಿನಡಿ ತನಗೆ ಸರಿಕಂಡಂತೆ ತೆರಿಗೆ ನಿರ್ಧರಿಸಿತು. ನಮಗೆ ಅದು ಗೊತ್ತಾದದ್ದು ಬೇಡಿಕೆಯ ಮೊತ್ತ ಬಂದು ಬ್ಯಾಂಕಿನವರು ಕೇಳಿದಾಗ. ಮೇಲ್ಮನವಿ ಹಾಕಿದ್ದೇವೆ, ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ನೋಟಿಸು ಅಂಚೆಯಲ್ಲಿ ಗಿರಣಿಯ ಬಾಗಿಲಿಗೆ ಬರುತ್ತಿತ್ತು, ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಳ್ಳುತ್ತಿದ್ದ, ಗದ್ದಿಗೆಯ ಮೇಲೆ ಕುಳಿತವರಿಗೆ ಕಾಣದೆ ಇರುವುದು ಸಾಧ್ಯವೇ ಇರಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಫೀಸು ಇಳಿಸಿ ಎಂದು ಕೇಳುವವರು ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದನ್ನು ತಿಳಿದಿಲ್ಲ. ರಿಟರ್ನ್ಸ್ ತುಂಬುವುದಕ್ಕೆ ನಾನು ಹೆಚ್ಚು ಕೊಡಲಾರೆ. ಆದರೆ ಪ್ರತಿ ಸೋಮವಾರ ನನ್ನ ಪರವಾಗಿ ಪೋರ್ಟಲ್ ತೆರೆದು ನೋಡಿ, ಏನಿದೆ ಏನಿಲ್ಲ ಎಂದು ಎರಡು ಸಾಲು ಬರೆದು ಕಳಿಸುವವರಿಗೆ ಸಂತೋಷದಿಂದ ಕೊಡುತ್ತೇನೆ. ಈಗಿನ ನಮ್ಮ ಆಡಿಟರಿಗೆ ಕೊಡುತ್ತಲೂ ಇದ್ದೇನೆ. ಅವರು ಸೇರಿದ ದಿನವೇ ಮಾಡಿದ ಮೊದಲ ಕೆಲಸ, ಎಲ್ಲ ಪೋರ್ಟಲ್‌ಗಳಲ್ಲೂ ನನ್ನದೂ ನನ್ನ ತಮ್ಮನದೂ ಸಂಖ್ಯೆ ಹಾಕಿಸಿದ್ದು. ಎರಡನೆಯದು, ಹಳೆಯ ಕಚೇರಿಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ನಮ್ಮ ಡಿಜಿಟಲ್ ಸಹಿಯ ಟೋಕನ್‌ಗಳನ್ನು ತರಿಸಿ, "ಇದು ನಿಮ್ಮ ಕೈ, ಬೇರೆಯವರ ಹತ್ತಿರ ಬಿಡಬೇಡಿ" ಎಂದು ನನ್ನ ಕೈಗೆ ಕೊಟ್ಟದ್ದು.

ಮತ್ತೆ, ದಯವಿಟ್ಟು ವರ್ಷಕ್ಕೊಮ್ಮೆಯಾದರೂ ಬನ್ನಿ. ಬಲಿಪಾಡ್ಯಮಿಯ ದಿನ ಹೊಸ ಪುಸ್ತಕದ ಪೂಜೆಗೆ ನಮ್ಮ ತಂದೆಯವರು ಆಡಿಟರನ್ನು ಕರೆಯುತ್ತಿದ್ದರು. ಪ್ರಸಾದ ತಿಂದು ಅವರು ಗಿರಣಿಯನ್ನೆಲ್ಲ ಒಂದು ಸುತ್ತು ಹಾಕುತ್ತಿದ್ದರು. ಒಂದು ಸಲ ಮೂಲೆಯಲ್ಲಿ ನಿಂತುಹೋಗಿದ್ದ ಹಳೆಯ ಹಲ್ಲರ್ ಯಂತ್ರವನ್ನು ನೋಡಿ, "ಇದನ್ನು ಮಾರಿದಿರಿ ಎಂದು ಪುಸ್ತಕದಲ್ಲಿ ಓದಿದ್ದೆನಲ್ಲ?" ಎಂದು ಕೇಳಿದ್ದು ನನಗೆ ಈಗಲೂ ನೆನಪಿದೆ. ಮಾರಾಟದ ಮಾತು ಮುರಿದುಬಿದ್ದಿತ್ತು, ಗುಮಾಸ್ತರು ನಮೂದನ್ನು ತೆಗೆಯಲು ಮರೆತಿದ್ದರು.

ಉತ್ತರ 4 — ಸಾಗರದಿಂದ, ಮನೆಯಲ್ಲಿಯೇ ಕಚೇರಿ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೆ ಹಳೆಯ ಕ್ರಮದಲ್ಲಿ ಯಾರು ಹೊರಗುಳಿದಿದ್ದರು ಎಂಬುದನ್ನೂ ನೆನಪಿಡಬೇಕು ಎನ್ನಿಸಿತು.

ನಾನು 2012ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆದೆ. ಮಗು ಹುಟ್ಟಿದ ಮೇಲೆ, ಅತ್ತೆಯವರಿಗೆ ಪಾರ್ಶ್ವವಾಯು ಆದ ಮೇಲೆ, ಆರು ವರ್ಷ ವೃತ್ತಿಯಿಂದ ದೂರ ಉಳಿದೆ. ಆಗ ತೆರಿಗೆ ಕೆಲಸ ಎಂದರೆ ಶಿವಮೊಗ್ಗದ ಕಚೇರಿಯ ಹೊರಗೆ ಬೆಳಗಿನಿಂದ ಕಾದು, "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ" ಎನ್ನಿಸಿಕೊಂಡು ಸಂಜೆಯ ಬಸ್ಸಿಗೆ ಮರಳುವುದು. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಅದನ್ನು ಮಾಡುವುದು ನನಗೆ ಸಾಧ್ಯವಿರಲಿಲ್ಲ. ಇಂದು ನನ್ನ ಕಕ್ಷಿದಾರರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿದ್ದಾರೆ. ಕೋರಿದರೆ ವಿಡಿಯೋ ಮೂಲಕ ವಿಚಾರಣೆ ಸಿಗುತ್ತದೆ, ನನ್ನ ವಾದವನ್ನು ಓದುವವರಿಗೆ ನಾನು ಯಾವ ಊರಿನವಳು, ಯಾರಿಗೆ ಪರಿಚಿತಳು ಎಂಬುದು ಮುಖ್ಯವಲ್ಲ. ಅಧಿಕಾರಿಗೆ ಊರಿನ ವ್ಯವಹಾರ ಗೊತ್ತಿದ್ದದ್ದು ಅನುಕೂಲ ಎಂದು ಹುಬ್ಬಳ್ಳಿಯ ಹಿರಿಯರು ಹೇಳಿದರು. ಆ ಪರಿಚಯ ಎಲ್ಲರಿಗೂ ಒಂದೇ ರೀತಿ ಅನುಕೂಲವಾಗಿರಲಿಲ್ಲ.

ಏಣಿ ಹತ್ತಬೇಕಾದ ಕೆಲಸವನ್ನು ನಾನು ಒಪ್ಪಿಕೊಳ್ಳುವುದೇ ಇಲ್ಲ. ದಾಸ್ತಾನಿಲ್ಲದ ಸಂಸ್ಥೆಗಳು, ತಂತ್ರಾಂಶ ಕಂಪನಿಗಳು, ವೈದ್ಯರು, ಸಲಹೆಗಾರರು ಇವರ ಕೆಲಸ ಮಾತ್ರ ನನ್ನದು. ದೂರದಿಂದ ಮಾಡಲು ಬರುವುದನ್ನು ಮಾತ್ರ ಒಪ್ಪಿಕೊಳ್ಳುವುದೂ ಒಂದು ದಾರಿ ಎಂದು ಹೇಳಬಯಸುತ್ತೇನೆ. ನನ್ನಂತೆ ಆರಂಭಿಸುವವರಿಗೆ ಒಂದು ಚಿಕ್ಕ ಮಾಹಿತಿ: ಹೊರರಾಜ್ಯದ ಕಕ್ಷಿದಾರರಿಗೆ ಸೇವೆ ಕೊಟ್ಟ ಮಾತ್ರಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದಿಲ್ಲ, ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಮಾತ್ರ. ನೋಂದಣಿಯಾದ ಮೇಲೆ, ಹೈದರಾಬಾದಿನ ನೋಂದಾಯಿತ ಕಕ್ಷಿದಾರನಿಗೆ ಐಜಿಎಸ್‌ಟಿ (ಅಂತರರಾಜ್ಯ ವ್ಯವಹಾರದ ಜಿಎಸ್‌ಟಿ) ಹಾಕಬೇಕು. ಕೆಲಸ ಸಾಗರದಲ್ಲೇ ನಡೆದರೂ ಸೇವೆಯ ಸ್ಥಳ ಪಡೆಯುವವನ ಊರೇ.

ಚನ್ನಗಿರಿಯ ಆ ಹುಡುಗಿಗೆ ಅವಕಾಶ ಕೊಡಿ. ಆಕೆ ಬಿಟ್ಟುಹೋದರೆ ವೃತ್ತಿ ಒಬ್ಬಳನ್ನು ಕಳೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ, ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕಕ್ಷಿದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು, "ಕಾಗದ ಎಲ್ಲಿ ಹುಟ್ಟಿತು" ಎಂಬ ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಹಚ್ಚಿ ನೋಡಿದೆ. 27 ಜನರ ಕೆಲಸಕ್ಕೆ ಖುದ್ದಾಗಿ ಹೋಗಲೇಬೇಕು ಎಂದು ಕಂಡಿತು. ಅವರಲ್ಲಿ 11 ಜನರ ಗೋದಾಮಿಗೆ ನಾನು ಕಳೆದ ಮೂರು ವರ್ಷಗಳಲ್ಲಿ ಕಾಲಿಟ್ಟಿಲ್ಲ. ಧೈರ್ಯ ಕಡಿಮೆಯಾಗಿದೆ ಎಂದು ಬರೆದಿದ್ದೆನಲ್ಲ, ಕಾರಣ ಆ ಪಟ್ಟಿಯಲ್ಲೇ ಇತ್ತು. ಹರಿಹರದವರು ಹೇಳಿದಂತೆ ಪೋರ್ಟಲ್‌ಗಳಲ್ಲಿ ಯಾರ ಇಮೇಲ್, ಯಾರ ಮೊಬೈಲ್ ಇದೆ ಎಂದು ಇವತ್ತು ಬೆಳಿಗ್ಗೆಯಿಂದ ಪರಿಶೀಲಿಸುತ್ತಿದ್ದೇವೆ. ಈಗಾಗಲೇ ನಾಲ್ಕು ಕಡೆ ಕೆಲಸ ಬಿಟ್ಟುಹೋದವರ ಸಂಖ್ಯೆಗಳು ಸಿಕ್ಕಿವೆ, ಒಂದು ಕಡೆ ನಮ್ಮ ಕಚೇರಿಯ ಹಳೆಯ ಹುಡುಗನದೇ.

ಸಾಗರದ ಮೇಡಂ ಅವರ ಮಾತು ನನ್ನನ್ನು ತಡೆದು ನಿಲ್ಲಿಸಿತು. ವಿದ್ಯಾರ್ಥಿನಿಯೊಡನೆ ಮಾತನಾಡಿದೆ. ಸೋಮವಾರ ಮತ್ತು ಶನಿವಾರ ಮನೆಯಿಂದ, ಉಳಿದ ದಿನ ಕಚೇರಿಯಲ್ಲಿ ಅಥವಾ ನನ್ನ ಜೊತೆ ಕಕ್ಷಿದಾರರಲ್ಲಿ ಎಂದು ಒಪ್ಪಿದ್ದಾಳೆ. ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಸ್ಥರ ಭೇಟಿಗೆ ಆಕೆ ದಾವಣಗೆರೆಗೆ ಬಂದು ಮತ್ತೆ ನನ್ನೊಡನೆ ಅಲ್ಲಿಗೇ ಹೋಗುವುದು ಬೇಕಿಲ್ಲ, ಮನೆಯಿಂದ ನೇರವಾಗಿ ಬಂದು ಸೇರಿಕೊಳ್ಳುತ್ತಾಳೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕಚೇರಿಯ ಎರಡೂ ಕೋಣೆಗಳ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುತ್ತಿದ್ದೇನೆ, ಬಿಲ್ಲುಗಳನ್ನು ಹರಡಲು ಉದ್ದನೆಯ ಮೇಜೊಂದು ಬೇಕು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಒಂದು ಗಿರಣಿಗೆ ಹೊರಟಿದ್ದೇವೆ. ಏಣಿ ಇದೆಯೇ ಎಂದು ಫೋನಿನಲ್ಲಿ ಕೇಳಿದೆ. ಇದೆ ಎಂದರು.